ಜಿಂಕೆ ಬೇಟೆಗೆ ಯಾವ ಕೋವಿ? ಮೊದಲು ತಟ್ಟೆ ಇಟ್ಟು ನೋಡಿ

ಜಿಂಕೆಗೆ ಯಾವ ಕೋವಿ ಒಳ್ಳೇದು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಮೊದಲು ಒಂದು ಸಣ್ಣ ತಟ್ಟೆ ಹುಡುಕಿ. ಸುಮಾರು 20 ಸೆಂಟಿಮೀಟರ್ ಅಗಲದ್ದು. ಮಧ್ಯಮ ಗಾತ್ರದ ಜಿಂಕೆಯಲ್ಲಿ ಗುಂಡಿಗೆ, ಶ್ವಾಸಕೋಶ ಎರಡೂ ಇರುವ ಜಾಗ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಮುಂಗಾಲಿಗೆ ಅಂಟಿಕೊಂಡಂತೆ ಅದರ ಹಿಂದೆ ಇರುತ್ತದೆ. ಈಡು ಅಲ್ಲಿಗೆ ಬಿದ್ದರೆ ಪ್ರಾಣಿ ಸ್ವಲ್ಪ ದೂರ ಓಡಿ ಸೆಕೆಂಡುಗಳಲ್ಲಿ ಬೀಳುತ್ತದೆ. ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ನಮ್ಮ ಕೈಗೆ ಸಿಗುವುದೂ ಇಲ್ಲ. ಹಾಗಾಗಿ ಪ್ರತಿ ಸಲವೂ, ಮೊದಲ ಈಡಿನಲ್ಲೇ, ಆ ತಟ್ಟೆಯೊಳಗೆ ಹೊಡೆಯಲು ನಿಮಗೆ ಯಾವುದರಲ್ಲಿ ಆಗುತ್ತದೋ ಅದೇ ನಿಮ್ಮ ಆಯುಧ. ಪಕ್ಕದವನ ಕೋವಿ ಎಷ್ಟು ಚೆನ್ನಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೂ ಮೊದಲು ಕಾನೂನು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇಲ್ಲಿ ಜಿಂಕೆ ಬೇಟೆ ಅಪರಾಧ, ಮಾತು ಅಲ್ಲಿಗೇ ಮುಗಿಯಿತು. ನಾನು ಬರೆಯುತ್ತಿರುವುದು ಪರವಾನಗಿ ಮತ್ತು ಹಂಗಾಮು ಗೊತ್ತುಮಾಡಿ ಬೇಟೆಗೆ ಬಿಡುವ ದೇಶಗಳಲ್ಲಿ ಇರುವವರಿಗೆ. ಅಲ್ಲಿಯೂ ಆಯುಧದ ವಿಷಯದಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಡುಕುರಿಯಂಥ ಸಣ್ಣ ಜಾತಿ ಬಿಟ್ಟರೆ ಉಳಿದ ಜಿಂಕೆಗಳಿಗೆ .240 ಇಂಚಿಗಿಂತ ಸಣ್ಣ ಕ್ಯಾಲಿಬರ್ (ಅಂದರೆ ಗುಂಡಿನ ಅಡ್ಡಳತೆ) ನಡೆಯುವುದಿಲ್ಲ, ನಳಿಗೆಯ ಬಾಯಲ್ಲಿ ಗುಂಡಿಗೆ ಕನಿಷ್ಠ 1,700 ಫುಟ್-ಪೌಂಡ್ ಶಕ್ತಿ ಇರಲೇಬೇಕು. ಜರ್ಮನಿಯಲ್ಲಿ 100 ಮೀಟರ್ ದೂರದಲ್ಲಿ ಅಳೆಯುತ್ತಾರೆ: ಸಣ್ಣ ರೋ ಜಿಂಕೆಗೆ 1,000 ಜೂಲ್, ಅದಕ್ಕಿಂತ ದೊಡ್ಡ ಗೊರಸಿನ ಪ್ರಾಣಿಗಳಿಗೆ 6.5 ಮಿಲಿಮೀಟರ್ ಗುಂಡು ಮತ್ತು 2,000 ಜೂಲ್. ಬಿಲ್ಲುಬೇಟೆ ಬ್ರಿಟನ್, ಜರ್ಮನಿ ಎರಡೂ ಕಡೆ ನಿಷಿದ್ಧ. ಅಮೆರಿಕದಲ್ಲಿ ರಾಜ್ಯ ದಾಟಿದರೆ ನಿಯಮ ಬದಲು. ದುಡ್ಡು ಕೊಡುವ ಮುಂಚೆ ನಿಮ್ಮ ಕಡೆಯ ಈ ವರ್ಷದ ನಿಯಮ ಓದಿ, ಹೋದ ವರ್ಷದ್ದಲ್ಲ.

ಈಗ ದೂರದ ಮಾತು. ನೀವು ನಿಲ್ಲುವ ಜಾಗದಿಂದ ಜಿಂಕೆ ಎಷ್ಟು ದೂರದಲ್ಲಿ ಕಾಣುತ್ತದೆ? ದಟ್ಟ ಕಾಡಾದರೆ 50 ಮೀಟರ್ ಕಂಡರೆ ದೊಡ್ಡದು. ಹುಲ್ಲುಗಾವಲು, ಹೊಲದಂಚು ಆದರೆ 200 ಮೀಟರ್ ಆಗಬಹುದು. ಅಂಗಡಿಯಲ್ಲಿ 500 ಮೀಟರ್ ಕೋವಿ ಎಂದು ತೋರಿಸುತ್ತಾರೆ, ಪೊದೆಯೊಳಗೆ ಕೂರುವವನಿಗೆ ಅದರಿಂದ ಏನು ಉಪಯೋಗ ಹೇಳಿ.

ಹೆಚ್ಚಿನವರಿಗೆ ಸರಿಹೋಗುವುದು ಬೋಲ್ಟ್ ರೈಫಲ್, ಅಂದರೆ ಪ್ರತಿ ಈಡಿಗೂ ಕೈಯಿಂದ ಹಿಡಿಕೆ ಎಳೆದು ತೋಟಾ ಏರಿಸುವಂಥದ್ದು. ಸರಳ, ಗಟ್ಟಿ, ಗುರಿ ನಿಖರ. ಕ್ಯಾಲಿಬರ್ ಬಗ್ಗೆ ಜಗಳಕ್ಕೆ ಕೊನೆ ಇಲ್ಲ, ಆದರೆ ನಿಜ ಹೇಳಬೇಕೆಂದರೆ .243 ವಿಂಚೆಸ್ಟರ್, 6.5 ಕ್ರೀಡ್‌ಮೂರ್, 7 ಎಂಎಂ-08, .270, .308, .30-06 ಈ ತೋಟಾಗಳಲ್ಲಿ ಯಾವುದನ್ನು ಹಿಡಿದರೂ ಜಿಂಕೆಗೆ ಸಾಕು. .30-06 ಹುಟ್ಟಿದ್ದು 1906ರಲ್ಲಿ, .270 ಬಂದದ್ದು 1925ರಲ್ಲಿ, ಇವತ್ತಿಗೂ ಇವಕ್ಕೆ ಏನೂ ಕೊರತೆಯಾಗಿಲ್ಲ. 200 ಕಿಲೋ ತೂಗುವ ಕೆಂಪು ಜಿಂಕೆಗೆ .308 ಅಥವಾ ಅದಕ್ಕಿಂತ ಮೇಲಿನದು ಇರಲಿ. 25 ಕಿಲೋದ ರೋ ಜಿಂಕೆಗೆ .243 ಧಾರಾಳ. .22 ರಿಮ್‌ಫೈರ್ ಅನ್ನುವ ಪುಟ್ಟ ತೋಟಾ ಬೇಡವೇ ಬೇಡ. ತಲೆಗೆ ಹೊಡೆದರೆ ಬೀಳುತ್ತದೆ ಅನ್ನುವವರಿದ್ದಾರೆ. ಜಿಂಕೆಯ ತಲೆ ಸುಮ್ನೆ ಒಂದು ಕಡೆ ನಿಲ್ಲುವ ವಸ್ತುವಲ್ಲ, ಮಿದುಳು ಮುಷ್ಟಿಯಷ್ಟೂ ಇಲ್ಲ, ಸ್ವಲ್ಪ ತಪ್ಪಿದರೆ ದವಡೆ ಮುರಿದ ಪ್ರಾಣಿ ಹಸಿವಿನಿಂದ ಸಾಯುತ್ತದೆ.

ಕಡಿಮೆ ಶಕ್ತಿಯದಷ್ಟೇ ತಪ್ಪು ಅಂದುಕೊಳ್ಳಬೇಡಿ, ಅತಿ ಜಾಸ್ತಿಯೂ ತಪ್ಪೇ. ಇದನ್ನು ನಾನು ಭುಜ ನೋಯಿಸಿಕೊಂಡು ಕಲಿತೆ. ಶುರುವಿನಲ್ಲಿ ಹುಮ್ಮಸ್ಸಿಗೆ ಹೆಚ್ಚು ಮದ್ದಿನ .300 ಮ್ಯಾಗ್ನಂ ತಗೊಂಡೆ, ದೊಡ್ಡ ಕೋವಿ ಇದ್ದರೆ ತಪ್ಪೂ ಮುಚ್ಚಿಹೋಗುತ್ತದೆ ಅನ್ನುವ ಲೆಕ್ಕ. ನಾಲ್ಕು ಈಡು ಆದ ಮೇಲೆ ಗುರಿ ಎಲ್ಲೆಲ್ಲೋ ಹೋಗತೊಡಗಿತು. ಕೋವಿಯದೇ ದೋಷ ಅಂತ ಬೈದುಕೊಂಡೆ. ಜೊತೆಗಿದ್ದ ಹಿರಿಯರೊಬ್ಬರು ಏನೂ ಹೇಳದೆ, ನನಗೆ ಕಾಣದ ಹಾಗೆ ಒಳಗೆ ಡಮ್ಮಿ ತೋಟಾ (ಮದ್ದಿಲ್ಲದ ಸುಳ್ಳು ತೋಟಾ) ಹಾಕಿ ಕೊಟ್ಟರು. ಕೋವಿಯ ಕುದುರೆ (ಟ್ರಿಗರ್) ಎಳೆದೆ, ಈಡೇ ಹಾರಲಿಲ್ಲ, ಆದರೂ ನಳಿಗೆ ಕೆಳಕ್ಕೆ ಜಗ್ಗಿತು, ನನ್ನ ಕಣ್ಣು ಮುಚ್ಚಿತ್ತು. ಅಂದರೆ ಒದೆತಕ್ಕೆ ಹೆದರಿ ಒದೆಯುವ ಮೊದಲೇ ಮೈ ಬೆದರುತ್ತಿತ್ತು. .30-06 ಒದೆಯುವುದೇ .243ರ ಸರಿಸುಮಾರು ಎರಡರಷ್ಟು, ಮ್ಯಾಗ್ನಂ ಅದಕ್ಕೂ ಮೇಲೆ. ಈ ಡಮ್ಮಿ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಗುರಿ ಮೈದಾನದಲ್ಲಿ ಬಾಡಿಗೆಯದೋ ಗೆಳೆಯರದೋ ಕೋವಿ ಹಿಡಿದು ಮಾಡಿಕೊಳ್ಳಿ. ಮೈ ಬೆದರಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಯಾರೂ ನಗುವುದಿಲ್ಲ, ನಕ್ಕರೆ ನಗಲಿ.

ಕೋವಿಯಷ್ಟೇ ಮುಖ್ಯವಾದದ್ದು ಗುಂಡು, ಆದರೆ ಇದಕ್ಕೆ ತಲೆಕೆಡಿಸಿಕೊಳ್ಳುವವರು ಕಡಿಮೆ. ಸೈನ್ಯದ ಮಾದರಿಯ, ಪೂರ್ತಿ ಲೋಹದ ಕವಚದ ಗುಂಡು ಅರಳದೆ ಸೂಜಿಯ ಹಾಗೆ ತೂರಿ ಹೋಗಬಹುದು, ಜಿಂಕೆ ಸಣ್ಣ ತೂತು ಹೊತ್ತು ಓಡಿಹೋಗುತ್ತದೆ. ಬೇಟೆಗೆ ಬೇಕಾದ್ದು ಒಳಗೆ ಹೋಗಿ ಅರಳುವ ಮೆದುಮೂತಿಯ ಗುಂಡು. ಸಾಧ್ಯವಿದ್ದರೆ ಸೀಸ ಬಿಟ್ಟು ತಾಮ್ರದ್ದು ನೋಡಿ. ಸೀಸದ ಗುಂಡು ಒಳಗೆ ಚೂರಾಗುತ್ತದೆ, ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ, ಕಾಡಲ್ಲೇ ಬಿಟ್ಟ ಕರುಳು ತಿಂದ ಹದ್ದುಗಳಿಗೂ ವಿಷವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿದ್ದಾರೆ. ತಾಮ್ರ ಸೀಸಕ್ಕಿಂತ ಹಗುರ, ಅರಳಲು ವೇಗ ಬೇಕು, ಹಾಗಾಗಿ ಸ್ವಲ್ಪ ಕಡಿಮೆ ತೂಕದ ಗುಂಡು ಆರಿಸುವುದು ವಾಡಿಕೆ.

ಕೆಲವು ಕಡೆ, ಮುಖ್ಯವಾಗಿ ಮನೆಗಳು ಹತ್ತಿರವಿರುವ ಸಮತಟ್ಟು ಪ್ರದೇಶದಲ್ಲಿ, ರೈಫಲ್‌ಗೆ ಅನುಮತಿ ಇರುವುದಿಲ್ಲ. ರೈಫಲ್ ಗುಂಡು ಮೂರು ಕಿಲೋಮೀಟರ್ ದಾಟಬಲ್ಲದು, ಅದಕ್ಕೇ. ಅಲ್ಲಿ ಶಾಟ್‌ಗನ್ನಿನಲ್ಲಿ ಒಂಟಿ ಗುಂಡಿನ ತೋಟಾ, ಅಂದರೆ ಸ್ಲಗ್, ಹಾಕುತ್ತಾರೆ. 12 ಅಥವಾ 20 ಗೇಜ್ (ನಳಿಗೆಯ ಅಗಲದ ಅಳತೆ). ಒಳಗೆ ನುಣುಪಾದ ನಳಿಗೆಯಲ್ಲಿ 70–80 ಮೀಟರ್‌ಗೆ ನಿಲ್ಲಿಸಿ, ಗೀರು ಕೊರೆದ ನಳಿಗೆಯಾದರೆ ಇನ್ನಷ್ಟು. ಚರೆ ತೋಟಾ ಮಾತ್ರ ನನಗೆ ಒಪ್ಪಿಗೆಯಿಲ್ಲ. ದೊಡ್ಡ ಚರೆ ಒಂದು ತೋಟಾದಲ್ಲಿ ಎಂಟೊಂಬತ್ತು ಇರುತ್ತವೆ, ದೂರ ಹೋದಂತೆ ಹರಡುತ್ತವೆ, ಎರಡು ಎದೆಗೆ, ಒಂದು ಹೊಟ್ಟೆಗೆ, ಒಂದು ಕಾಲಿಗೆ. ತೀರಾ ಹತ್ತಿರದ ಈಡು ಬಿಟ್ಟರೆ ಅದು ಗಾಯ ಮಾಡುವ ಕೆಲಸ. ಕಾನೂನು ಬಿಟ್ಟರೂ ನೀವು ಬೇಡ ಅನ್ನಿ.

ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಇಷ್ಟಪಡುವವರೂ ಇದ್ದಾರೆ. ಮಸಿ, ಹೊಗೆ, ಒಂದೇ ಈಡು. 100 ಮೀಟರ್ ಒಳಗೆ .50 ಕ್ಯಾಲಿಬರಿನದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮೊದಲ ಕೋವಿಯಾಗಿ ಬೇಡ. ಮದ್ದು ನೆನೆದರೆ ಕಥೆ ಮುಗಿಯಿತು.

ಬಿಲ್ಲಿನ ವಿಷಯ ಬೇರೆಯೇ. ಗುಂಡಿನ ಹಾಗೆ ಬಾಣ ಏಟಿನ ರಭಸದಿಂದ ಬೀಳಿಸುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಹಾಗಾಗಿ ಬಾಣದ ಮೊನೆ ಕ್ಷೌರದ ಕತ್ತಿಯಷ್ಟು ಹರಿತ ಇರಬೇಕು, ಅಭ್ಯಾಸಕ್ಕೆ ಬಳಸಿ ಮೊಂಡಾದ ಮೊನೆಯನ್ನೇ ಕಾಡಿಗೆ ಒಯ್ಯುವಂತಿಲ್ಲ. ಎಳೆತದ ಬಲ ಕನಿಷ್ಠ 40 ಪೌಂಡ್ ಇರಲಿ ಎಂದು ಅಮೆರಿಕದ ಹಲವು ರಾಜ್ಯಗಳ ನಿಯಮ, ಆದರೆ 50–60ನ್ನು ಹಿಡಿತದಲ್ಲಿ ಎಳೆಯಬಲ್ಲವರಿಗೆ ಅದು ಒಳ್ಳೆಯದು. ಹಿಡಿತದಲ್ಲಿ ಅಂದರೆ, ಚಳಿಯಲ್ಲಿ ಕೂತಲ್ಲೇ, ಬಿಲ್ಲನ್ನು ಆಕಾಶಕ್ಕೆ ಎತ್ತಿ ಒದ್ದಾಡದೆ. ಇನ್ನು ದೂರ. ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ, ಶಬ್ದ ಹೋಗುವುದು 340. ಜಿಂಕೆ 30 ಮೀಟರ್‌ನಲ್ಲಿದ್ದರೆ ಹೆದೆಯ ಸದ್ದು ಮುಟ್ಟಿದ ಮೇಲೂ ಬಾಣ ಬರಲು ಕಾಲು ಸೆಕೆಂಡು ಬಾಕಿ. ಅಷ್ಟರಲ್ಲಿ ಬೆದರಿದ ಜಿಂಕೆ ಓಡಲು ಮೈ ಕುಗ್ಗಿಸಿ ಒಂದು ಗೇಣು ಕೆಳಗಿಳಿದಿರುತ್ತದೆ, ಬಾಣ ಬೆನ್ನಿಗೋ ಗಾಳಿಗೋ ಹೋಗುತ್ತದೆ. ಮೈದಾನದಲ್ಲಿ 60 ಮೀಟರ್‌ಗೆ ತಟ್ಟೆ ಹೊಡೆಯುವವನೂ ಕಾಡಿನಲ್ಲಿ 20–25ಕ್ಕೆ ಕಾಯಬೇಕು. ಆ ತಾಳ್ಮೆ ಇಲ್ಲದಿದ್ದರೆ ಬಿಲ್ಲು ನಿಮ್ಮದಲ್ಲ. ಕೋವಿಯಂತೆ ಹಿಡಿದು ಹೊಡೆಯುವ ಅಡ್ಡಬಿಲ್ಲಿಗೆ (ಕ್ರಾಸ್‌ಬೋ) ಗುರಿ ಸುಲಭ, ಆದರೆ ಶಬ್ದದ ಲೆಕ್ಕ ಅದಕ್ಕೂ ತಪ್ಪಿದ್ದಲ್ಲ.

ಆಯುಧ ಯಾವುದೇ ಇರಲಿ, ನಿಮ್ಮ ದೂರ ಕಂಡುಹಿಡಿಯುವುದು ಹೀಗೆ. ಮೈದಾನದ ಮೇಜಿನ ಮೇಲೆ ಕೋವಿ ಊರಿ ಹೊಡೆದದ್ದು ಲೆಕ್ಕಕ್ಕಿಲ್ಲ, ಅದು ಕೋವಿಯ ಪರೀಕ್ಷೆ. ಕೂತು, ಮೊಣಕಾಲೂರಿ, ಮರಕ್ಕೆ ಒರಗಿ, ಊರುಗೋಲಿನ ಮೇಲೆ ಇಟ್ಟು ಹೊಡೆಯಿರಿ. ನೂರು ಹೆಜ್ಜೆ ಓಡಿ ಬಂದು ಉಸಿರು ಏರಿದ್ದಾಗ ಹೊಡೆಯಿರಿ. ಐದಕ್ಕೆ ಐದು ತಟ್ಟೆಯೊಳಗೆ ಬೀಳುವ ದೂರ ನಿಮ್ಮದು, ನಾಲ್ಕು ಬಿದ್ದರೆ ಹತ್ತಿರ ಬನ್ನಿ. ಕಾಡಿನಲ್ಲಿ ಅದರಲ್ಲೂ ಸ್ವಲ್ಪ ಕಳೆಯಿರಿ, ಎದೆ ಬಡಿತ ಅಲ್ಲಿ ಬೇರೆಯೇ ಇರುತ್ತದೆ. ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲ ಸ್ವಲ್ಪ ಆಚೆಗೆ ತಿರುಗಿರಬೇಕು, ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇರಬೇಕು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಕಾಣುವಂತೆ ನಿಂತಿದ್ದರೆ ಎಷ್ಟೇ ಒಳ್ಳೆ ಕೋವಿ ಇದ್ದರೂ ಇಳಿಸಿ.

ದುಡ್ಡು ಉಳಿದರೆ ಕೋವಿಯ ಮೇಲೆ ಕೂರಿಸುವ ದುರ್ಬೀನಿಗೆ ಹಾಕಿ. 3-9 ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಗಾಜಿನದು ಹೆಚ್ಚಿನ ಕಡೆ ಸಾಕು. ಅಗ್ಗದ ದುರ್ಬೀನು ಮುಸ್ಸಂಜೆಯ ಬೆಳಕಲ್ಲಿ ಕೈಕೊಡುತ್ತದೆ, ಜಿಂಕೆ ಹೊರಬರುವುದೇ ಆಗ. ಕೋವಿಯ ಹಿಡಿ ನಿಮ್ಮ ತೋಳಿನ ಉದ್ದಕ್ಕೆ ಹೊಂದಬೇಕು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕಣ್ಣು ಬಿಟ್ಟಾಗ ದುರ್ಬೀನಿನಲ್ಲಿ ಪೂರ್ತಿ ವೃತ್ತ ಕಾಣಬೇಕು. ಕತ್ತು ಹುಡುಕಾಡಿದರೆ ಬೇರೆ ಕೋವಿ ನೋಡಿ, ಇಲ್ಲ ಹಿಡಿ ಕತ್ತರಿಸಿಕೊಳ್ಳಿ.

ಕೊನೆಗೆ ತೋಟಾ. ಒಂದೇ ಕಂಪನಿಯ, ಒಂದೇ ತೂಕದ ನಾಲ್ಕೈದು ಡಬ್ಬಿ ಒಟ್ಟಿಗೆ ತಗೊಂಡು, 100 ಮೀಟರ್‌ಗೆ ಗುರಿ ಕೂರಿಸಿ, ಹಂಗಾಮು ಮುಗಿಯುವವರೆಗೂ ಅದನ್ನೇ ಹೊಡೆಯಿರಿ. ಗುಂಡಿನ ತೂಕ ಬದಲಾದರೆ ಗುರಿಯೂ ಬದಲು. ದಾರಿಯಲ್ಲಿ ಕೋವಿ ಕೆಳಗೆ ಬಿತ್ತೋ, ಜೀಪಿನಲ್ಲಿ ದಡಬಡ ಅಂತೋ, ಬೇಟೆಗೆ ಇಳಿಯುವ ಮೊದಲು ಎರಡು ಈಡು ಕಾಗದಕ್ಕೆ ಹೊಡೆದು ನೋಡಿ.