ಕಟ್ಟು ಹಾಕಿಸಿದ ಕಸೂತಿಯ ಹಿಂಬದಿ

ದಾವಣಗೆರೆಯ ಹಳೇ ಮನೆಗಳ ಪಡಸಾಲೆಯಲ್ಲಿ ‘ಸುಸ್ವಾಗತ’, ಜೋಡಿ ಹಂಸ, ಗಿಳಿಗಳ ಕಸೂತಿ ಕಟ್ಟುಗಳು (ಫ್ರೇಮುಗಳು) ಇನ್ನೂ ತೂಗುತ್ತಿರುತ್ತವೆ. ಹೆಚ್ಚಿನವು ಮ್ಯಾಟಿ ಬಟ್ಟೆಯ (ಎಳೆ ಎಣಿಸಿ ಹೊಲಿಯಬಹುದಾದ ಚೌಕಳಿ ನೇಯ್ಗೆಯ ಹತ್ತಿ ಬಟ್ಟೆ) ಮೇಲಿನ ಕ್ರಾಸ್ ಸ್ಟಿಚ್, ಅಂದರೆ ಎರಡು ಓರೆ ಹೊಲಿಗೆ ಒಂದರ ಮೇಲೊಂದು ಹಾಯುವ ಗುಣಾಕಾರ ಗುರುತಿನ ಹೊಲಿಗೆ. ಕಸೂತಿಯವರ ಮಾತಲ್ಲಿ ಮೆಂತೆ. ಇವನ್ನು ಬಿಚ್ಚಿ, ನಕ್ಷೆ ತೆಗೆದು, ಜೋಪಾನ ಮಾಡುವಾಗ ನಾನು ಮಾಡುವುದಿಷ್ಟು.

ತುಕ್ಕು ಹಿಡಿದ ಮೊಳೆಗಳನ್ನು ಎಳೆಯುವುದಿಲ್ಲ, ಇಕ್ಕಳದಿಂದ ತುಂಡರಿಸುತ್ತೇನೆ. ಬಟ್ಟೆ ಕಂದಾಗಲು ಬಹುಪಾಲು ಹಿಂದಿನ ರಟ್ಟಿನ ಆಮ್ಲವೇ ಕಾರಣ. ರಟ್ಟು ಎಸೆಯುವ ಮೊದಲು ಅದರ ಮೇಲೆ ಹೆಸರು, ಇಸವಿ ಇದೆಯೇ ನೋಡಬೇಕು. ಗೋಂದು ಹಾಕಿ ಅಂಟಿಸಿದ್ದರೆ ಕೀಳಬಾರದು, ನೂಲು ಕಿತ್ತು ಬರುತ್ತದೆ.

ತೊಳೆಯುವ ಆತುರ ಬೇಡ. ಕೆಂಪು ದಾರ ನಂಬಿಕಸ್ಥನಲ್ಲ. ಒದ್ದೆ ಹತ್ತಿಯನ್ನು ಹಿಂಬದಿಯಲ್ಲಿ ಒಂದೊಂದೇ ಬಣ್ಣದ ಮೇಲೆ ಒತ್ತಿ ನೋಡಿ. ಒಂದೇ ಒಂದು ಬಣ್ಣ ಹತ್ತಿಗೆ ಹತ್ತಿದರೂ ನೀರು ಮುಟ್ಟಿಸಬೇಡಿ. ನಮ್ಮ ಕಡೆಯ ಬೋರ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ. ಯಾವ ಬಣ್ಣವೂ ಬಿಡದಿದ್ದರೆ ತೊಳೆಯಲು ಸೀಲ್ ಒಡೆಯದ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಸಾಕು. ಅಂಗಡಿಯಲ್ಲಿ ಆ್ಯಸಿಡ್ ಬಾಟಲಿಯೂ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ.

ಇನ್ನು ಹಿಂಬದಿ. ಕಸೂತಿಯ ಇನ್ನೊಂದು ಹೊಲಿಗೆಯಾದ ಗಾವಂತಿಯಲ್ಲಿ ಎರಡೂ ಮಗ್ಗುಲು ಒಂದೇ ತರ, ಮೆಂತೆಯಲ್ಲಿ ಹಾಗಲ್ಲ. ಬಿಸಿಲು ತಾಗದ ಈ ಬದಿಯಲ್ಲಿ ಮೂಲ ಬಣ್ಣ ಉಳಿದಿರುತ್ತದೆ, ದಾರ ಆರಿಸುವುದು ಇದನ್ನು ನೋಡಿಯೇ. ದಾರ ಎಲ್ಲಿ ಮುಗಿಯಿತು, ಎಲ್ಲಿ ಬಿಚ್ಚಿ ಮತ್ತೆ ಹಾಕಿದರು, ಎಲ್ಲಿ ಬಣ್ಣ ಸಾಲದೆ ಬೇರೆ ಲಡಿ ತಂದರು, ಎಲ್ಲವೂ ಕಾಣುತ್ತದೆ. ಗೋಡೆಗೆ ಮುಖ ಮಾಡಿದ್ದ ಬದಿಯಲ್ಲೇ ದುಡಿಮೆಯ ಲೆಕ್ಕ ಇರುವುದು.

ನಕಲು ಮಾಡಲು ಒಂದು ಇಂಚಿನಲ್ಲಿ ಎಷ್ಟು ಮೆಂತೆ ಇವೆ ಎಂದು ಮೂರು ಕಡೆ ಎಣಿಸಿ. ಆ ಲೆಕ್ಕವೇ ಬಟ್ಟೆಯ ಕೌಂಟು. 70 ಮೆಂತೆ ಅಗಲದ ಹಂಸ 14 ಕೌಂಟಿನಲ್ಲಿ 5 ಇಂಚು ಬಂದರೆ, 11 ಕೌಂಟಿನಲ್ಲಿ 6.4 ಇಂಚು. ಆರೆಳೆಯ ದಾರದಲ್ಲಿ 14ಕ್ಕೆ ಎರಡೆಳೆ, 11ಕ್ಕೆ ಮೂರೆಳೆ. ಮೊಂಡು ಮೊನೆಯ 24ನೇ ನಂಬರ್ ಸೂಜಿ. ದಾರ 45 ಸೆಂ.ಮೀ. ಮೀರಿದರೆ ಜುಂಗು ಏಳುತ್ತದೆ. ಮೇಲಿನ ಓರೆ ಹೊಲಿಗೆ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ವಾಲಬೇಕು, ಇಲ್ಲದಿದ್ದರೆ ಹೊಳಪು ಕೆಡುತ್ತದೆ.

ನನ್ನ ಕೈಗೆ ಗಂಟೆಗೆ ಸುಮಾರು 100 ಮೆಂತೆ. 70ಕ್ಕೆ 50ರ ತುಂಬು ಚಿತ್ರವೆಂದರೆ 3,500. ಅಂದರೆ 35 ಗಂಟೆ. ಮುಸುರೆ ತಿಕ್ಕಿ, ಮಕ್ಕಳು ಮಲಗಿದ ಮೇಲೆ ದಿನಕ್ಕೊಂದು ಗಂಟೆ ಸಿಕ್ಕರೆ ತಿಂಗಳ ಮೇಲಾಯಿತು. ಇದನ್ನು ‘ಹೊತ್ತು ಕಳೆಯಲು’ ಎನ್ನುವವರು ಒಮ್ಮೆ ಎಣಿಸಲಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ 1598ರ ಮಾದರಿ ಬಟ್ಟೆಯಲ್ಲಿ (ಹೊಲಿಗೆ, ಚಿತ್ರಗಳ ನಮೂನೆ ಹಾಕಿದ ಬಟ್ಟೆ) ಜೇನ್ ಬೊಸ್ಟಾಕ್ ಎಂಬ ಹೆಸರೂ ಇಸವಿಯೂ ಹೊಲಿದಿವೆ. ನಮ್ಮವುಗಳಲ್ಲಿ ಅದು ಅಪರೂಪ. ಮನೆಯ ಹಿರಿಯರನ್ನು ಕೇಳಿ, ಹೊಲಿದವರ ಹೆಸರನ್ನು ಹತ್ತಿ ಲಾಡಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಅಂಚಿಗೆ ಎರಡು ಟಾಕ ಹಾಕುತ್ತೇನೆ. ಪೆನ್ನಿನ ಶಾಯಿ ಹರಡುತ್ತದೆ. ಆಮೇಲೆ ಗಂಜಿ ತೊಳೆದ ಮಲ್ (ತೆಳು ಹತ್ತಿ) ಬಟ್ಟೆ ಜೊತೆ ಸುರುಳಿ ಸುತ್ತಿಡಬೇಕು, ಮಡಿಸಬಾರದು.