ಗಮಕ ಕಲಿತು ಪದ್ಯ ಓದಿದೆ, ಪದ್ಯ ಓದಿ ಕಲ್ಲು ನೋಡಿದೆ

ಗದುಗಿನ ಭಾರತದ ಪದ್ಯಗಳು ನನಗೂ ಸ್ಕೂಲಲ್ಲಿ ಪಾಠಕ್ಕಿದ್ದವು. ಸಾರಾಂಶ ಬರೆದೆ, ಮಾರ್ಕ್ಸ್ ಬಂತು, ಅಲ್ಲಿಗೆ ಮುಗೀತು. ಪದ್ಯ ಅಂದ್ರೆ ಗದ್ಯ ಮಾಡಿ ಒಪ್ಪಿಸಬೇಕಾದ ಕೆಲಸ ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ. ಕುಮಾರವ್ಯಾಸ ನಿಜವಾಗಿ ನನಗೆ ಸಿಕ್ಕಿದ್ದು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಮೇಲೆ, ಅದೂ ಕಿವಿಯ ಮೂಲಕ.

ಇಲ್ಲಿ ಗಮಕ ಕೇಳೋದು ಕಷ್ಟವೇನಲ್ಲ. ತುಂಗೆಯ ಆಚೆ ಈಚೆ ಇರುವ ಮತ್ತೂರು, ಹೊಸಹಳ್ಳಿ ಎರಡೂ ಇದಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಗಮಕಕ್ಕೇ. ಒಬ್ಬರು ಪದ್ಯ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ರಾಗ ಇರುತ್ತದೆ, ಆದರೆ ಸಂಗೀತ ಕಚೇರಿಯ ಹಾಗೆ ತಾಳದ ಕಟ್ಟು ಇರುವುದಿಲ್ಲ. ರಾಗ ಪದ್ಯದ ಸೇವೆಗೆ ನಿಂತಿರುತ್ತದೆ, ಮಾತು ಎಲ್ಲೂ ಮುಚ್ಚಿಹೋಗಬಾರದು. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವ ರೂಢಿ ನಮ್ಮ ಕಡೆ ಇದೆ. ನಾನು ಮೊದಲು ಕೇಳಿದ್ದೂ ಅಂಥದ್ದೇ ಒಂದು ಓದು. ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚುವ ಭಾಗ ಬಂದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಗಮಕಿಗಳಿಗಿಂತ ಮುಂಚೆಯೇ ನಗೋಕೆ ಶುರು ಮಾಡಿದ್ದರು. ಮುಂದಿನ ಸಾಲು ಅವರಿಗೆ ಬಾಯಿಪಾಠ. ನನಗೂ ಹಾಗೆ ಬರಬೇಕು ಅನ್ನಿಸಿತು.

ಸಂಜೆ ತರಗತಿಗೆ ಸೇರಿದೆ. ಮೇಷ್ಟ್ರು ಮೊದಲ ದಿನವೇ ಹೇಳಿದರು: "ಅರ್ಥ ಆಮೇಲೆ ನೋಡೋಣ ಕಣಮ್ಮ, ಮೊದಲು ಬಾಯಿಗೆ ಬರಲಿ." ಭಾಮಿನಿ ಷಟ್ಪದಿಯ ಲೆಕ್ಕ ಬೆರಳಲ್ಲಿ ಎಣಿಸಿಸಿದರು. ಮೂರು, ನಾಲ್ಕು, ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಇಷ್ಟೇ, 14 ಮಾತ್ರೆ. ಮೂರನೆಯದೂ ಆರನೆಯದೂ ಉದ್ದ: ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ವ್ಯಾಕರಣದ ಪುಸ್ತಕದಲ್ಲಿ ಒಣಗಿದ ಹಾಗೆ ಕಾಣುವ ಈ ಲೆಕ್ಕ ಬಾಯಿಗೆ ಬಂದಾಗ ನಡಿಗೆಯಾಗುತ್ತದೆ. ಬಸ್ಸಲ್ಲಿ, ಅಡುಗೆಮನೆಯಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ ಕೂತಾಗಲೂ ಬೆರಳು ತಾನಾಗೇ ಎಣಿಸುತ್ತಿತ್ತು.

ಕಾವ್ಯದ ಶುರುವಿನಲ್ಲೇ ಬರುವ ಈ ಅರ್ಧ ಪದ್ಯ ನೋಡಿ:

ತಿಣಿಕಿದನು ಫಣಿರಾಯ ರಾಮಾ
ಯಣದ ಕವಿಗಳ ಭಾರದಲಿ ತಿಂ
ತಿಣಿಯ ರಘುವರ ಚರಿತೆಯಲಿ ಕಾಲಿಡಲು ತೆರಪಿಲ್ಲ

ರಾಮಾಯಣ ಬರೆದ ಕವಿಗಳು ಎಷ್ಟು ಜನ ಅಂದ್ರೆ, ಭೂಮಿ ಹೊತ್ತ ಆದಿಶೇಷ ಅವರ ಭಾರಕ್ಕೆ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡೋಕೂ ಜಾಗ ಇಲ್ಲ. ಅದಕ್ಕೇ ನಾನು ಭಾರತ ಹೇಳುತ್ತೇನೆ ಅಂತ ಕವಿಯ ಮಾತು. ಇಷ್ಟು ಸ್ಕೂಲಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಸಾಲು ಮುರಿಯುವ ರೀತಿ. "ರಾಮಾ" ಅಂತ ನಿಂತು "ಯಣದ" ಅಂತ ಮುಂದಿನ ಸಾಲಿಗೆ ಇಳಿಯುತ್ತದೆ. "ತಿಂ" ಅನ್ನುವಲ್ಲಿ ಮತ್ತೆ ಮುರಿದು "ತಿಣಿಯ" ಅಂತ ಕೂಡುತ್ತದೆ. ಕಣ್ಣಲ್ಲಿ ಓದಿದರೆ ಎಡವಿದ ಹಾಗೆ. ಗಮಕಿ ಒಂದೇ ಉಸಿರಲ್ಲಿ ದಾಟಿಸಿದರೆ ಸಾಲಿನಿಂದ ಸಾಲಿಗೆ ನೂಕುನುಗ್ಗಲು ಕೇಳಿಸುತ್ತದೆ. ಕವಿಗಳು ಕಿಕ್ಕಿರಿದಿದ್ದಾರೆ ಅಂತ ಹೇಳುವ ಪದ್ಯವೇ ಕಿಕ್ಕಿರಿದು ಬರುತ್ತದೆ! ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರ "ಣ". ಪೂರ್ತಿ ಪದ್ಯ ತೆಗೆದು ನೋಡಿ, ಆರೂ ಸಾಲಲ್ಲಿ ಹಾಗೇ ಇದೆ. ಇದನ್ನು ಜೋರಾಗಿ ಓದದೆ ಅರ್ಥ ಮಾತ್ರ ಹೇಳಿಕೊಟ್ಟರೆ ಮಕ್ಕಳಿಗೆ ಅರ್ಧವನ್ನೂ ಕೊಟ್ಟ ಹಾಗಾಗಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ.

ಶಿಲ್ಪ ನೋಡೋದನ್ನು ಕಲಿತದ್ದು ಇದರ ಹಿಂದೆಯೇ. ತರಗತಿಯವರೆಲ್ಲ ಸೇರಿ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿದ್ದೆವು. ವೀರ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಸ್ಥಾನ. ಅದುವರೆಗೆ ಹಳೇಬೀಡಿಗೆ ಹೋದಾಗಲೂ ನಾನು ಎಲ್ಲರಂತೆ "ಎಷ್ಟು ಚೆನ್ನಾಗಿದೆ" ಅಂದು ಫೋಟೊ ತೆಗೆದು ಬಂದವಳೇ. ಹಳೇಬೀಡಲ್ಲಿ ಆನೆ, ಸಿಂಹ, ಕುದುರೆಗಳ ಪಟ್ಟಿಗಳ ಮೇಲೆ ಕಥೆಯ ಪಟ್ಟಿ ಒತ್ತೊತ್ತಾಗಿ ಸಾಗುತ್ತದೆ, ಹೊಸಬರಿಗೆ ಕಣ್ಣು ಎಲ್ಲಿ ಇಡಬೇಕು ಅಂತಲೇ ತಿಳಿಯಲ್ಲ. ಅಮೃತಾಪುರದಲ್ಲಿ ತೆರೆದ ಮಂಟಪದ ಹೊರಗೋಡೆಯ ಮೇಲೆ ಬಿಡಿಬಿಡಿ ಫಲಕಗಳಿವೆ, ಒಟ್ಟು 140. ದಕ್ಷಿಣಕ್ಕೆ 70ರಲ್ಲಿ ರಾಮಾಯಣ. ಉತ್ತರಕ್ಕೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಶಿಲ್ಪ ಓದೋಕೆ ಶುರು ಮಾಡುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಇಲ್ಲೊಂದು ವಿಶೇಷ ಇದೆ. ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಅಭ್ಯಾಸಬಲದಿಂದ ಪ್ರದಕ್ಷಿಣೆ ಹಾಕುತ್ತಾ ನೋಡಿದರೆ ಕಥೆ ಹಿಂದುಮುಂದು. ಹಾಗಾಗಿ ಮೊದಲು ಗುರುತು ಸಿಗುವವರನ್ನು ಹುಡುಕಿದೆ: ಹತ್ತು ತಲೆ, ಬಾಲ, ಬಿಲ್ಲು. ಅಲ್ಲಿಂದ ಕಥೆ ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯಿತು. ಆಮೇಲೆ ಒಂದೊಂದು ಫಲಕದ ಮುಂದೂ ನಿಂತು ನನಗೆ ನಾನೇ ಮೂರು ಪ್ರಶ್ನೆ ಕೇಳಿಕೊಂಡೆ. ಇಲ್ಲಿ ಯಾರಿದ್ದಾರೆ? ಯಾರು ಯಾರ ಕಡೆ ತಿರುಗಿದ್ದಾರೆ? ಕಥೆಯ ಯಾವ ಗಳಿಗೆಯನ್ನು ಶಿಲ್ಪಿ ಹಿಡಿದಿದ್ದಾನೆ, ಯಾವುದನ್ನು ಬಿಟ್ಟಿದ್ದಾನೆ? ಮೂರನೇ ಪ್ರಶ್ನೆಯೇ ಮುಖ್ಯ. ಕವಿಗೆ ಒಂದು ಯುದ್ಧ ಹೇಳೋಕೆ ಹತ್ತಾರು ಪದ್ಯ ಸಿಗುತ್ತವೆ, ಶಿಲ್ಪಿಗೆ ಒಂದು ಚೌಕ. ಬಾಣ ಬಿಡುವ ಮುಂಚೆಯೋ, ಬಿಟ್ಟ ಮೇಲೋ ಅಂತ ಅವನು ಆರಿಸಲೇಬೇಕು. ಬೆಳಗಿನ ಓರೆ ಬಿಸಿಲಲ್ಲಿ ನೋಡಿ, ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ. ನಡು ಮಧ್ಯಾಹ್ನ ಬೇಡ. ಫೋನನ್ನು ಬ್ಯಾಗಲ್ಲೇ ಇಟ್ಟು ಪೆನ್ಸಿಲ್ ಹಿಡಿದರೆ ಇನ್ನೂ ಒಳ್ಳೇದು. ಚಿತ್ರ ಬರೆಯೋಕೆ ಬರಬೇಕಾಗಿಲ್ಲ, ತೋಳು ಎಲ್ಲಿ ಬಾಗಿದೆ ಅಂತ ಗೆರೆ ಎಳೆದರೆ ಸಾಕು.

ಈ ಶಿಲ್ಪಿಗಳು ಕುಮಾರವ್ಯಾಸನಿಗಿಂತ ಹಳಬರು ಅನ್ನೋದು ನೆನಪಿರಲಿ. ಅವನ ಪದ್ಯಕ್ಕೆ ಈ ಕಲ್ಲು ಚಿತ್ರವಲ್ಲ. ಒಂದೇ ಕಥೆಯನ್ನು ಇಬ್ಬರೂ ತಮ್ಮ ತಮ್ಮ ಕೈಯಿಂದ ಹೇಳಿದ್ದಾರೆ. ಹಾಗಂತ ಅಲ್ಲಿ ಕವಿಯೇ ಇಲ್ಲ ಅಂದುಕೊಳ್ಳಬೇಡಿ. ದೇವಸ್ಥಾನದ ಮುಂದೆ ನಿಂತಿರುವ ದೊಡ್ಡ ಶಾಸನದ ಪದ್ಯಗಳು ಜನ್ನನವು, ವೀರ ಬಲ್ಲಾಳನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡ ಜನ್ನನವು. ಯಶೋಧರ ಚರಿತೆ ಬರೆಯುವುದಕ್ಕೂ ಮುಂಚಿನ ಜನ್ನ. ಬರುವವರಲ್ಲಿ ಹೆಚ್ಚಿನವರು ಆ ಕಲ್ಲನ್ನು ನೋಡದೆಯೇ ಒಳಗೆ ಹೋಗುತ್ತಾರೆ. ನನಗೆ ಬೇಜಾರಾಗುತ್ತದೆ, ಗೋಡೆಯಷ್ಟೇ ಚೆಂದದ್ದು ಅದು.

ಕಡೂರು ಜಿಲ್ಲೆಯ (ಈಗಿನ ಚಿಕ್ಕಮಗಳೂರು ಜಿಲ್ಲೆಯ ಹಳೇ ಹೆಸರು) ಶಾಸನ ಸಂಪುಟದಲ್ಲಿ ಅದರ ಪಾಠ ಅಚ್ಚಾಗಿದೆ. ಈಗ ತರಗತಿಯಲ್ಲಿ ಅದನ್ನೇ ಹಿಡಿದಿದ್ದೇವೆ. ಹಳಗನ್ನಡ, ಪದ ಬಿಡಿಸೋಕೇ ಹೊತ್ತು ಹಿಡಿಯುತ್ತದೆ. ಮೊದಲ ಪದ್ಯವನ್ನು ಮೇಷ್ಟ್ರು ಬಿಡಿಸಿ ಓದಿ ತೋರಿಸಿದ್ದಾರೆ, ಎರಡನೆಯದನ್ನು ನನಗೆ ಬಿಟ್ಟಿದ್ದಾರೆ.