ಮೊದಲ ಸಲ ಬಿಯರ್ ಮಾಡುವವರಿಗೆ ಶುಂಠಿ ಸಾಕು

ಮನೆಯಲ್ಲೇ ಬಿಯರ್ ಮಾಡಿ ನೋಡಬೇಕು ಅನ್ನುವ ಹುಡುಗರು ನಮ್ಮ ಕೋಲಾರದಲ್ಲೂ ಈಗ ಜಾಸ್ತಿಯಾಗಿದ್ದಾರೆ. ಬೆಂಗಳೂರಿನಲ್ಲಿ ಕೆಲಸ, ವಾರದ ಕೊನೆಗೆ ಊರು, ಬರುವಾಗ ಫೋನಿನಲ್ಲೊಂದು ವಿಡಿಯೋ. ಅವರಿಗೆ ನಾನು ಮೊದಲು ಹೇಳುವುದು ಕಾನೂನಿನ ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಮಾರೋದಿಲ್ಲ, ನಾವೇ ಕುಡಿಯೋದು ಅಂದರೂ ನಡೆಯುವುದಿಲ್ಲ. ಅದೂ ಅಲ್ಲದೆ ಬಾರ್ಲಿ ಬಿಯರ್ ಸುಲಭದ ಕೆಲಸವಲ್ಲ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ಬೇಕು. ಅದನ್ನು 65 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಗಂಟೆ ಹೊತ್ತು ಅದೇ ಹದದಲ್ಲಿ ಇಡಬೇಕು. ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸಬೇಕು, ಆಮೇಲೆ ವಾರಗಟ್ಟಲೆ ಕಾಯಬೇಕು. ಹೊಸಬರಿಗೆ ಇಷ್ಟೆಲ್ಲ ಯಾಕೆ?

ಹುದುಗಿಸುವ ಕೆಲಸ ಕೈಗೆ ಹತ್ತಬೇಕಾದರೆ ಶುಂಠಿ ಬಿಯರ್‌ನಿಂದ ಶುರು ಮಾಡಿ. ಇದು 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾನೀಯ. ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಶುಂಠಿ ವೈನ್ ಮಾಡುತ್ತಿದ್ದರು, ಅದು ಇದರ ನೆಂಟ. ಗಣಿ 2001ರಲ್ಲಿ ಮುಚ್ಚಿತು. ಶುಂಠಿ ವೈನಿನ ರುಚಿ ಬಲ್ಲವರು ಆ ಕಡೆ ಇನ್ನೂ ಇದ್ದಾರೆ.

ಮೊದಲು ಪಾನೀಯವನ್ನು ಹುದುಗಿಸುವ ಹೆಪ್ಪು ಮಾಡಿಕೊಳ್ಳಬೇಕು. ಒಂದು ಲೀಟರ್ ಹಿಡಿಯುವ ಗಾಜಿನ ಜಾಡಿಗೆ ಅರ್ಧ ಲೀಟರ್ ನೀರು ಹಾಕಿ. ಅದಕ್ಕೆ ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಟೀ ಚಮಚ, ಸಕ್ಕರೆ ಎರಡು ಟೀ ಚಮಚ. ಬಟ್ಟೆ ಕಟ್ಟಿ ನೆರಳಲ್ಲಿ ಇಡಿ. ದಿನಾ ಇಷ್ಟಿಷ್ಟೇ ಶುಂಠಿ, ಸಕ್ಕರೆ ಸೇರಿಸಿ, ಎರಡು ಹೊತ್ತು ಕಲಕಿ. ಸಿಪ್ಪೆ ಹೆರೆದು ಬಿಸಾಕಬೇಡಿ, ಹುದುಗಿಸುವ ಸೂಕ್ಷ್ಮಜೀವಿ, ಅಂದರೆ ಯೀಸ್ಟ್, ಇರುವುದೇ ಸಿಪ್ಪೆಯ ಮೇಲೆ. ಅಂಗಡಿಯಲ್ಲಿ ಮಿರಮಿರ ಹೊಳೆಯುವ ಹಾಗೆ ತೊಳೆದಿಟ್ಟ ಶುಂಠಿ ನೋಡೋಕೆ ಚಂದ, ಈ ಕೆಲಸಕ್ಕೆ ಬೇಡ. ಸಂತೆಯಲ್ಲಿ ಮಣ್ಣು ಮೆತ್ತಿಕೊಂಡಿರುವುದನ್ನೇ ಆರಿಸಿ ತನ್ನಿ, ಮಣ್ಣು ಹೋಗುವಷ್ಟು ತೊಳೆದರೆ ಸಾಕು. ವಾರವಾದರೂ ಗುಳ್ಳೆ ಬರದಿದ್ದರೆ ಶುಂಠಿ ಬದಲಿಸಿ ಮತ್ತೆ ಶುರು ಮಾಡಿ.

ನೀರಿನ ವಿಷಯ ನಮ್ಮ ಕಡೆಯವರು ಸ್ವಲ್ಪ ಗಮನಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಹಾಗಾಗಿ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರೇ ವಾಸಿ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ, ಅದು ಯೀಸ್ಟನ್ನು ಬದುಕಲು ಬಿಡುವುದಿಲ್ಲ. ಕುದಿಸಿ ಆರಿಸಿಕೊಳ್ಳಿ.

ಈಗ ಮುಖ್ಯ ಮಾತು. ವಿಡಿಯೋದಲ್ಲಿ ಐದು ದಿನ, ಏಳು ದಿನ ಅಂತ ಹೇಳುತ್ತಾರಲ್ಲ, ಅದು ಅವರ ಊರಿನ ಚಳಿಗೆ ಹೇಳಿದ್ದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ದೋಸೆ ಹಿಟ್ಟು ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಪಾತ್ರೆ ದಾಟಿ ಉಕ್ಕುವುದಿಲ್ಲವಾ, ಇದೂ ಹಾಗೇ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೇ ಹೆಪ್ಪು ನೊರೆಗಟ್ಟುತ್ತದೆ, ಡಿಸೆಂಬರ್ ಚಳಿಯಲ್ಲಿ ವಾರ ಹಿಡಿದರೂ ಹೇಳುವ ಹಾಗಿಲ್ಲ. ಕ್ಯಾಲೆಂಡರ್ ನೋಡಬೇಡಿ, ಜಾಡಿ ನೋಡಿ. ಕಲಕಿದಾಗ ಸುಯ್ ಅಂತ ಸದ್ದು ಬಂದು, ಮೂಗಿಗೆ ಹುಳಿ ಹುಳಿ ಘಾಟು ಹೊಡೆದರೆ ಹೆಪ್ಪು ಆಗಿದೆ ಅಂತ ಲೆಕ್ಕ. ಹಸಿರೋ ಕಪ್ಪೋ ಬೂಷ್ಟು ಕಂಡರೆ ಮೇಲೆ ಮೇಲೆ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ. ಎರಡು ರೂಪಾಯಿ ಶುಂಠಿಗೆ ಹೊಟ್ಟೆ ಕೆಡಿಸಿಕೊಳ್ಳೋದಾ?

ಪಾನೀಯ ಮಾಡುವುದು ಅರ್ಧ ಗಂಟೆ ಕೆಲಸ. ಎರಡು ಲೀಟರ್ ನೀರಿಗೆ 100 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ. ಅರ್ಧ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ರುಚಿ ನನಗೆ ಅದೇ ಹಿಡಿಸುತ್ತದೆ. ಶುಗರ್ ಇದೆ ಅಂತ ಸಕ್ಕರೆ ಕೈಬಿಟ್ಟು ಮಾಡಲು ಹೋಗಬೇಡಿ, ಯೀಸ್ಟಿಗೆ ತಿನ್ನಲು ಏನೂ ಇರುವುದಿಲ್ಲ. ಅಂಥವರು ಇದನ್ನು ಕುಡಿಯದಿರುವುದೇ ಸರಿ. ಕುದಿಸಿದ್ದನ್ನು ಪೂರ್ತಿ ಆರಲು ಬಿಡಿ, ಬೆರಳಿಟ್ಟರೆ ಬೆಚ್ಚಗೂ ಇರಬಾರದು. ಬಿಸಿಗೆ ಹೆಪ್ಪು ಹಾಕಿದರೆ ಯೀಸ್ಟ್ ಸತ್ತೇ ಹೋಗುತ್ತದೆ. ಸೋಸಿ, ಎರಡು ನಿಂಬೆಹಣ್ಣು ಹಿಂಡಿ, ಹೆಪ್ಪಿನ ತಿಳಿ ಅರ್ಧ ಲೋಟ ಸೇರಿಸಿ. ಪಾತ್ರೆ, ಚಮಚ, ಜರಡಿ ಎಲ್ಲಕ್ಕೂ ಮೊದಲೇ ಕುದಿ ನೀರು ಹೊಯ್ದಿರಬೇಕು. ಮಜ್ಜಿಗೆ ಕಡೆದ ಪಾತ್ರೆಯನ್ನು ಹಾಗೇ ತೊಳೆದು ಇದಕ್ಕೆ ಬಳಸುವವರನ್ನು ಕಂಡಿದ್ದೇನೆ, ಬೇಡ.

ಬಾಟಲಿ ಬಗ್ಗೆ ಮಾತ್ರ ನಾನು ರಾಜಿ ಆಗುವುದಿಲ್ಲ. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಮುಚ್ಚಿದ ಬಾಟಲಿಯಲ್ಲಿ ಅದಕ್ಕೆ ಹೋಗಲು ದಾರಿ ಇಲ್ಲ. ಸಾಸ್ ಬಾಟಲಿ, ಜ್ಯೂಸ್ ಬಾಟಲಿ ಅಂತ ಅಟ್ಟದ ಮೇಲಿನ ಗಾಜಿನ ಬಾಟಲಿ ಇಳಿಸಬೇಡಿ. ಸಿಡಿದರೆ ಚೂರು ಕಣ್ಣಿಗೇ ಬರುತ್ತದೆ. ಸೋಡಾ, ಕೂಲ್‌ಡ್ರಿಂಕ್ಸ್ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಸುಮ್ನೆ ನೀರಿನ ಬಾಟಲಿಯಾದರೆ ತೆಳು, ಒತ್ತಡಕ್ಕೆ ಅಂತ ಮಾಡಿದ್ದಲ್ಲ. ಮೇಲೆ ಎರಡಿಂಚು ಖಾಲಿ ಬಿಟ್ಟು ತುಂಬಿಸಿ, ಬಿಗಿಯಾಗಿ ಮುಚ್ಚಳ ಹಾಕಿ, ಬಕೆಟಿನೊಳಗೆ ನಿಲ್ಲಿಸಿ. ಬೆಳಿಗ್ಗೆ ಸಂಜೆ ಹಿಸುಕಿ ನೋಡಿ. ಮೊದಲು ಮೆತ್ತಗಿರುತ್ತದೆ. ಹಿಸುಕಿದರೂ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಗಟ್ಟಿಯಾಗಬಹುದು, ಹಾಗಾಗಿ ಶುಕ್ರವಾರ ತುಂಬಿಸಿಟ್ಟು ಊರಿಗೆ ಹೋಗಿಬಿಡಬೇಡಿ. ಚಳಿಗಾಲದಲ್ಲಿ ಮೂರು ದಿನ ಹಿಡಿಯುತ್ತದೆ. ಫ್ರಿಜ್ಜಿನಲ್ಲೂ ಯೀಸ್ಟ್ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಎರಡು ದಿನಕ್ಕೊಮ್ಮೆ ಮುಚ್ಚಳ ಸ್ವಲ್ಪ ಸಡಿಲಿಸಿ ಗ್ಯಾಸ್ ಬಿಡಿ, ವಾರದೊಳಗೆ ಮುಗಿಸಿ. ತೆರೆಯುವಾಗ ಸಿಂಕಿನ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿ. ಹೊಸ ಸೀರೆ ಉಟ್ಟುಕೊಂಡು ಬಿಚ್ಚಬೇಡಿ.

ಇದರಲ್ಲೂ ಒಂದಿಷ್ಟು ಮದ್ಯದ ಅಂಶ ಹುಟ್ಟುತ್ತದೆ. ಬೇಗ ತಣ್ಣಗೆ ಮಾಡಿದರೆ ಕಡಿಮೆ, ಹೊರಗೆ ಬಿಟ್ಟಷ್ಟೂ ಏರುತ್ತದೆ. ಖಾರ ಇಳಿಯಲಿ, ಕಿಕ್ ಬರಲಿ ಅಂತ ಹೊರಗೇ ಇಡುವ ಆಟ ಬೇಡ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ ಕೊಡಬೇಡಿ. ಅವರಿಗೆ ನಿಂಬೆ ಪಾನಕ ಮಾಡಿಕೊಡಿ.

ಕುದಿಸಿ ಸೋಸಿದ ಶುಂಠಿ ಚರಟದಲ್ಲಿ ಇನ್ನೂ ಖಾರ ಇರುತ್ತದೆ, ಬೆಲ್ಲ, ಹುಣಸೆ, ಮೆಣಸಿನಕಾಯಿ ಸೇರಿಸಿ ರುಬ್ಬಿದರೆ ಗೊಜ್ಜಾಗುತ್ತದೆ. ಹೆಪ್ಪಿನಲ್ಲಿ ಬಳಸಿದಷ್ಟಕ್ಕೆ ಮತ್ತೆ ನೀರು ಸೇರಿಸಿ ಜಾಡಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಕೊಟ್ಟರೆ ಬದುಕಿರುತ್ತದೆ. ಮುಂದಿನ ಸಲ ಮಾಡುವ ಹಿಂದಿನ ದಿನ ಹೊರಗಿಟ್ಟು ಒಂದು ಸಲ ಉಣಿಸಿ, ಗುಳ್ಳೆ ಎದ್ದ ಮೇಲೆ ಬಳಸಿ.